ಅತ್ತೆಯ ಬಾಯಿಯ ಅಳತೆ

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಹಲ್ಲಪ್ಪನ ಮನೆಯನ್ನು ನೋಡಿರಲಿಲ್ಲ. ನೋಡಿದ್ದರೆ ಗಾದೆಗೆ ಇನ್ನೊಂದು ಬಾಲ ಅಂಟಿಸುತ್ತಿದ್ದ. ಆ ಮನೆಯಲ್ಲಿ ಕಡಲೆಗೂ ಬರವಿರಲಿಲ್ಲ, ಹಲ್ಲಿಗಂತೂ ಬರವೇ ಇರಲಿಲ್ಲ. ಹಿಂದಿನ ಕೋಣೆಯ ಕಪಾಟಿನಲ್ಲಿ ಡಬ್ಬಿಗಟ್ಟಲೆ ಹಲ್ಲುಗಳಿದ್ದವು, ಹಾಲಿನ ಬಿಳುಪಿನಿಂದ ಹಿಡಿದು ಚಹಾ ಕುಡಿದು ಕಂದಿದ ಬಣ್ಣದವರೆಗೆ. ಆದರೂ ಮನೆಯ ಹಿರಿಯರಾದ ಅತ್ತೆಯ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ. ಹಾಕಿಸಿಕೊಳ್ಳಲು ಅವರು ಒಪ್ಪುತ್ತಲೂ ಇರಲಿಲ್ಲ. ಕಾರಣ ಕೇಳಿದರೆ, ಲೋಕ ಮುಗಿಯುತ್ತಿದೆ ಎನ್ನುತ್ತಿದ್ದರು.

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸಿದರೆ ಅದರಲ್ಲಿ ಪ್ಲಾಸ್ಟರಿನ ಅಚ್ಚು ಎರೆದು, ಅಚ್ಚಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಹಲ್ಲು ನಿಲ್ಲಿಸಿ, ಕೊನೆಗೆ ಗಟ್ಟಿಯಾದ ಸೆಟ್ಟು ಮಾಡಿ ಕೊಡುವುದು ಅವನ ಕಸುಬು. ಊರಿನ ಅರ್ಧ ನಗು ತನ್ನ ಕೈಯಿಂದಲೇ ಹೊರಟದ್ದು ಎಂದು ಹೇಳಿಕೊಳ್ಳುತ್ತಿದ್ದ, ಅದು ಸುಳ್ಳೂ ಅಲ್ಲ. ಕೆಲಸ ಮುಗಿದ ಮೇಲೂ ಅವನು ಅಚ್ಚುಗಳನ್ನು ಎಸೆಯುತ್ತಿರಲಿಲ್ಲ. ಗೋಡೆಯುದ್ದದ ಹಲಗೆಗಳ ಮೇಲೆ ಬಿಳಿ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. ಹೊಸಬರು ಒಳಗೆ ಬಂದರೆ ಒಮ್ಮೆ ಬೆಚ್ಚಿಬೀಳುತ್ತಿದ್ದರು. ಅತ್ತೆ ಮಾತ್ರ, "ಪುನರುತ್ಥಾನದ ದಿನ ಇವರೆಲ್ಲ ಮೊದ್ಲು ನಿಮ್ಮ ಮನೆಗೇ ಬರ್ತಾರೆ ನೋಡಿ ಅಳಿಯಂದ್ರೇ, ನಮ್ಮ ದವಡೆ ಕೊಡಪ್ಪಾ ಅಂತ," ಎಂದು ನಗುತ್ತಿದ್ದರು.

ಅತ್ತೆ-ಅಳಿಯನ ನಡುವೆ ಹೇಳಿಕೊಳ್ಳುವಂಥ ಜಗಳವೇನೂ ಇರಲಿಲ್ಲ. ಎಂಟು ವರ್ಷದ ಹಿಂದೆ ಮಾವ ತೀರಿಕೊಂಡು ಅತ್ತೆ ಮಗಳ ಮನೆಗೆ ಬಂದಾಗ, ಅವರಿಗೆ ಮೊದಲ ಸೆಟ್ಟು ಮಾಡಿಕೊಟ್ಟವನು ಅವನೇ. ಅದು ಬಾಯಿಗೆ ಹೊಂದಿಕೊಂಡ ದಿನ ಅತ್ತೆ ಒಂದು ಸೇಬನ್ನು ಚಾಕು ಮುಟ್ಟಿಸದೆ ಕಚ್ಚಿ ತಿಂದು, "ದೇವ್ರು ಕೊಟ್ಟಿದ್ದೇ ಇಷ್ಟು ಚೆನ್ನಾಗಿರ್ಲಿಲ್ಲ," ಎಂದು ತಪ್ಪಿ ಆಡಿಬಿಟ್ಟು, ತಕ್ಷಣ ಕೆನ್ನೆ ಬಡಿದುಕೊಂಡಿದ್ದರು. ಆ ಸೆಟ್ಟು ಹೋದ ವರ್ಷ ತೊಳೆಯುವಾಗ ಕೈಜಾರಿ ಬಚ್ಚಲ ಬೇಸಿನ್ನಿಗೆ ಬಿದ್ದು ಚೂರಾಯಿತು. ಒಂದು ಚೂರು ಕೊಳವೆಯೊಳಗೆ ಇಳಿದು ಹೋಗಿಯೇ ಹೋಯಿತು.

"ಹೋಗ್ಲಿ ಬಿಡಿ ಅತ್ತೆ, ಇನ್ನೊಂದು ಮಾಡಿದ್ರಾಯ್ತು," ಎಂದ ಹಲ್ಲಪ್ಪ. ಮನೆಯಲ್ಲೇ ಕುಂಬಾರನಿದ್ದಾಗ ಮಡಕೆಗೆ ಅಳುವವರುಂಟೇ?

ಆದರೆ ಅದೇ ವಾರ ಅತ್ತೆ ಹೋಗುತ್ತಿದ್ದ ಕ್ರೈಸ್ತ ಸಭೆಗೆ ಹೊಸ ಪಾಸ್ಟರು ಬಂದರು. ಅವರ ಹತ್ತಿರ ಗೋಡೆಯಗಲದ ಬಟ್ಟೆಯ ಚಿತ್ರಪಟವೊಂದಿತ್ತು. ಅದರ ತುಂಬ ಕೊಂಬಿನ ಮೃಗಗಳು, ಉದುರುವ ನಕ್ಷತ್ರಗಳು, ಒಡೆಯುವ ಮುದ್ರೆಗಳು, ಒಂದರಿಂದ ಒಂದಕ್ಕೆ ಓಡುವ ಕೆಂಪು ಬಾಣಗಳು. ಕೊನೆಯ ಬಾಣ ಬಂದು ಚುಚ್ಚಿಕೊಂಡದ್ದು ಬರುವ ಮಾರ್ಚಿಯ ಕೊನೆಯ ಭಾನುವಾರಕ್ಕೆ. ಅಂದು ತುತ್ತೂರಿ ಊದುತ್ತದೆ, ಸ್ವಾಮಿ ಮೇಘಗಳ ಮೇಲೆ ಬಂದು ತನ್ನವರನ್ನು ಎತ್ತಿಕೊಳ್ಳುತ್ತಾನೆ ಎಂದರು. ಅರ್ಧ ಸಭೆ ನಂಬಿತು. ಉಳಿದರ್ಧ, ಆ ದಿನ ಯಾರಿಗೂ ತಿಳಿಯದು ಎಂದು ಸ್ವಾಮಿಯೇ ಹೇಳಿಲ್ಲವೇ ಎಂದು ಗೊಣಗಿತು. ಆಮೇಲೆ, ಅಕಸ್ಮಾತ್ ಬಂದೇಬಿಟ್ಟರೆ ಎಂದು ಹೆದರಿ ಅದೂ ಸುಮ್ಮನಾಯಿತು. ಹಲ್ಲಪ್ಪ ಅವರಿಗೆ ತುತ್ತೂರಿ ಪಾಸ್ಟರು ಎಂದು ಹೆಸರಿಟ್ಟ.

ಅಳತೆ ತೆಗೆಯಲು ಬಾಯಿ ತೆರೆಯಿರಿ ಎಂದರೆ ಅತ್ತೆ ಬಾಯಿ ಮುಚ್ಚಿಕೊಂಡರು.

"ಅಳತೆ ತೆಗ್ದು ಕೈಗೆ ಸೆಟ್ಟು ಬರೋಕೆ ಒಂದು ತಿಂಗ್ಳು ಬೇಕು ಅಂತೀರಿ. ಆ ತಿಂಗ್ಳಲ್ಲೇ ಸ್ವಾಮಿ ಬಂದ್ರೆ? ತುತ್ತೂರಿ ಊದೋ ಹೊತ್ಗೆ ನಾನು ಬಾಯ್ತುಂಬ ನಿಮ್ಮ ಅಳತೆ ಹಿಟ್ಟು ತುಂಬ್ಕೊಂಡು ಕೂತಿದ್ರೆ ಏನು ಗತಿ? ಅವ್ನು ಹೆಸ್ರಿಡಿದು ಕರೀತಾನೆ, ನಾನು ಊಂ ಊಂ ಅನ್ಬೇಕಾ?"

"ಅಲ್ಲಿವರ್ಗೂ ಊಟ ಮಾಡ್ಬೇಕಲ್ಲ ಅತ್ತೆ."

"ಅಲ್ಲಿ ಹೊಸ ಮೈ ಕೊಡ್ತಾನೆ. ಹೊಸ ಮೈ ಅಂದ್ಮೇಲೆ ಹಲ್ಲೂ ಸೇರಿಯೇ ತಾನೆ? ಇರೋ ನಾಲ್ಕು ದಿನಕ್ಕೆ ನಿಮ್ಗ್ಯಾಕೆ ತೊಂದ್ರೆ."

ಹೆಂಡತಿ ನಡುವೆ ಬಾಯಿ ಹಾಕಿದಳು. "ಅಮ್ಮಾ, ನಾಳೆ ಅಂದವನ ಮನೆ ಹಾಳು ಅಂತ ನಮ್ಗೆಲ್ಲ ಪಾಠ ಹೇಳಿದವಳು ನೀನೇ."

"ನಾನೆಲ್ಲೇ ನಾಳೆ ಅಂದೆ? ನಾಳೆಯೇ ಇಲ್ಲ ಅಂತಿದ್ದೀನಿ."

ಇಂಥವರ ಜತೆ ಯಾರು ವಾದ ಮಾಡುತ್ತಾರೆ? ಹೀಗೆ ತಮಾಷೆಯಲ್ಲೇ ತಿಂಗಳುಗಳು ಹೋದವು, ಅತ್ತೆಯ ಮೈಯೂ ಇಳಿಯುತ್ತಾ ಹೋಯಿತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಹಿಸುಕಿದ ಹಣ್ಣು, ಸೋಸಿದ ಸೂಪು ಬಿಟ್ಟರೆ ಬೇರೇನೂ ಒಳಗೆ ಹೋಗುತ್ತಿರಲಿಲ್ಲ. ಅದೂ ನಾಲ್ಕು ಚಮಚಕ್ಕೆ ಸಾಕಾಗುತ್ತಿತ್ತು. ಬಳೆ ಮೊಣಕೈವರೆಗೆ ಜಾರತೊಡಗಿತು. ನೋಡಿದ ಡಾಕ್ಟರು ಹಲ್ಲಪ್ಪನನ್ನು ಪಕ್ಕಕ್ಕೆ ಕರೆದು, "ಔಷಧಿ ಕೊಡೋಂಥ ಕಾಯಿಲೆ ಏನೂ ಇಲ್ಲ. ಇವರು ಅಗಿದು ತಿನ್ಬೇಕು, ಅಷ್ಟೇ. ಹೀಗೇ ಬಿಟ್ರೆ ಮುಂದಿನ ಚಳಿಗಾಲ ಕಾಣೋದು ಕಷ್ಟ. ನಿಮ್ಮ ಮನೇಲೇ ಹಲ್ಲಿಗೆ ಬರವೇ?" ಎಂದು ಕೇಳಿದರು. ಹಲ್ಲಪ್ಪನಿಗೆ ಅವಮಾನವೂ ಆಯಿತು, ಹೆದರಿಕೆಯೂ ಆಯಿತು.

ಅವನು ಮದುವೆಗೆ ಮತ್ತು ಮಣ್ಣಿಗೆ ಮಾತ್ರ ಚರ್ಚಿನ ಮೆಟ್ಟಿಲು ಹತ್ತುವ ಕ್ರೈಸ್ತ. ಹಾಗೆಂದು ಅವನ ಸಂಶಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಅವನ ಚಿಕ್ಕಂದಿನಲ್ಲಿಯೂ ಒಬ್ಬ ಬೋಧಕರು ಬಂದು ಒಂದು ದಿನ ಗೊತ್ತುಮಾಡಿದ್ದರು. ಅವನನ್ನು ಎತ್ತಿ ಆಡಿಸಿದ ಸೋದರತ್ತೆ ಆ ದಿನವನ್ನು ನಂಬಿ, ಹಿತ್ತಲಿನ ಕೋಳಿಗಳನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಮಾರನೆಯ ಬೆಳಿಗ್ಗೆ ಆ ಕೋಳಿಗಳು ಬೇಲಿಯಾಚೆ ಎಂದಿನಂತೆ ಕೂಗಿದವು. ಆ ಮೇಲೆ ಸಾಯುವವರೆಗೂ ಅವರು ಅದೇ ಪಕ್ಕದ ಮನೆಯಿಂದ ಮೊಟ್ಟೆ ತರಿಸಿದರು. ಊರು ನಕ್ಕಿತು. ಸೋದರತ್ತೆ ಮಾತ್ರ ಮತ್ತೆ ನಗಲೇ ಇಲ್ಲ. ಪ್ರಾರ್ಥನೆಗೂ ಹೋಗಲಿಲ್ಲ, ಕಿಟಕಿಯ ಹತ್ತಿರ ಕೂತು ಕೂತೇ ತೀರಿಕೊಂಡರು. ಹಲ್ಲಪ್ಪ ಅದನ್ನು ಮರೆತಿರಲಿಲ್ಲ. ಅವನಿಗೆ ಆ ಭಾನುವಾರದ ಭಯವಿರಲಿಲ್ಲ, ಸೋಮವಾರದ ಭಯವಿತ್ತು.

ಒಂದು ದಿನ ಅವನ ಕೈಗೆ ಬ್ರಹ್ಮಾಸ್ತ್ರವೇ ಸಿಕ್ಕಿತು. ಹಲ್ಲಿನ ಡಾಕ್ಟರಮ್ಮ ಫೋನು ಮಾಡಿ, ಎರಡು ಮುಂದಿನ ಹಲ್ಲಿನ ಕೆಲಸವಿದೆ, ಅಳತೆ ಕಳಿಸುತ್ತೇನೆ, ಏಪ್ರಿಲ್ ಮೊದಲ ವಾರ ಕೊಟ್ಟರೆ ಸಾಕು ಎಂದರು. ಯಾರದು ಎಂದರೆ ತುತ್ತೂರಿ ಪಾಸ್ಟರದು! ಮಾರ್ಚಿಗೆ ಲೋಕ ಮುಗಿಸುವ ಮನುಷ್ಯ ಏಪ್ರಿಲ್‌ಗೆ ಹಲ್ಲು ಕಟ್ಟಿಸಿಕೊಳ್ಳುವುದೇ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹಲ್ಲಪ್ಪ ಸುದ್ದಿಯನ್ನು ಉಪ್ಪುಖಾರ ಹಚ್ಚಿ ಬಡಿಸಿದ.

ಅತ್ತೆ ಬ್ರೆಡ್ಡಿನ ಚೂರನ್ನು ಹಾಲಿನಲ್ಲಿ ಒತ್ತುತ್ತಾ, "ಗೊತ್ತು. ನಾನೇ ಕಳ್ಸಿದ್ದು," ಎಂದರು.

"ನೀವಾ?"

"ಮುಂದಿನ ಹಲ್ಲಿಲ್ದೆ 'ಸ್ವಾಮಿ' ಅಂದ್ರೆ ಸೀಟಿ ಹೊಡೆದ ಹಾಗೆ ಕೇಳುತ್ತೆ ಪಾಪ, ಹಿಂದೆ ಕೂತ ಹುಡುಗ್ರು ನಗ್ತಾರೆ. ನಮ್ಮ ಅಳಿಯಂದ್ರ ಕೈಲಿ ಮಾಡ್ಸಿ, ಕೆಲ್ಸ ಚೆನ್ನಾಗಿರುತ್ತೆ ಅಂದೆ."

"ಹಾಗಿದ್ರೆ ಅವ್ರಿಗೇ ಅವ್ರ ಲೆಕ್ಕದ ಮೇಲೆ ನಂಬಿಕೆ ಇಲ್ಲ ಅಂತ ಆಯ್ತಲ್ಲ ಅತ್ತೆ!"

"ಇರ್ಬೋದು. ಅವ್ರ ನಂಬಿಕೆ ಇಟ್ಕೊಂಡು ನಾನೇನು ಮಾಡ್ಲಿ? ನನ್ಗೆ ನನ್ನದಿದೆ."

ಬ್ರಹ್ಮಾಸ್ತ್ರ ಹಾಲಿನ ಬಟ್ಟಲಿಗೆ ಬಿದ್ದು ಬ್ರೆಡ್ಡಿನ ಜತೆ ಮೆತ್ತಗಾಯಿತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮಾತಿನಲ್ಲಿ ಸೋತವನು ಕೈಯನ್ನು ನಂಬಬೇಕಾಯಿತು. ಮಾರ್ಚಿ ಹತ್ತಿರವಾದಂತೆ ಹಲ್ಲಪ್ಪ ಒಂದು ಉಪಾಯ ಹೂಡಿದ. ಅತ್ತೆ ಬಾಯಿ ತೆರೆಯದಿದ್ದರೇನು, ಹಲಗೆಯ ಮೇಲೆ ಅವರ ಹಳೆಯ ಅಚ್ಚು ಇದೆಯಲ್ಲ? ಸ್ಟೂಲು ಹತ್ತಿ ಮೇಲಿನ ಸಾಲಿನಿಂದ ಅದನ್ನು ಇಳಿಸಿದ, ಧೂಳು ಊದಿದ. ಸದ್ದಿಲ್ಲದೆ ಸೆಟ್ಟು ಮಾಡಿಡುವುದು. ಆ ಸೋಮವಾರ ಬೆಳಿಗ್ಗೆ ಅತ್ತೆ ಕಿಟಕಿಯ ಹತ್ತಿರ ಕೂರುವ ಮೊದಲೇ ಮುಂದೆ ಇಡುವುದು. ಹಲ್ಲು ಬಂದರೆ ಊಟ ಬರುತ್ತದೆ, ಊಟ ಬಂದರೆ ನಗು ಬರುತ್ತದೆ. ಸೋದರತ್ತೆಗೆ ಅಂದು ಯಾರೂ ಏನೂ ಕೊಟ್ಟಿರಲಿಲ್ಲ. ಇಲ್ಲಿ ತಾನಿದ್ದೇನೆ ಎಂದುಕೊಂಡ.

ಅವನು ತನ್ನ ಜೀವಮಾನದಲ್ಲೇ ಅಷ್ಟು ಮುತುವರ್ಜಿಯಿಂದ ಕೆಲಸ ಮಾಡಿರಲಿಲ್ಲ. ಡಬ್ಬಿಗಳನ್ನೆಲ್ಲ ಹರಡಿಕೊಂಡು, ತೀರ ಬಿಳಿಯೂ ಅಲ್ಲದ, ವಯಸ್ಸಿಗೆ ಒಪ್ಪುವ ಬಣ್ಣದ ಹಲ್ಲು ಆರಿಸಿದ. ಮೊದಲ ಸೆಟ್ಟಿನಲ್ಲಿದ್ದಂತೆ ಒಂದು ಹಲ್ಲನ್ನು ಕೂದಲೆಳೆಯಷ್ಟು ವಾರೆಯಾಗಿ ನಿಲ್ಲಿಸಿದ. ಅತ್ತೆಯ ಸ್ವಂತ ಹಲ್ಲೂ ಹಾಗೇ ಇತ್ತು ಎಂದು ಹೆಂಡತಿ ಹಿಂದೊಮ್ಮೆ ಹೇಳಿದ್ದಳು. ಸ್ಪಿರಿಟ್ ದೀಪದ ಮುಂದೆ ಮೇಣ ಕರಗಿಸುತ್ತಾ, ನಂಬಿಕೆ ಎಂದರೆ ಇದು, ನಾಳೆ ಇದೆ ಎಂದು ತಿಳಿದು ಕೆಲಸ ಮಾಡುವುದು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆ ಭಾನುವಾರ ಬಂತು. ಬೆಳಿಗ್ಗೆ ನೋಡಿದರೆ ಹೆಂಡತಿ ಬಕೆಟ್ಟಿನ ತುಂಬ ಬಟ್ಟೆ ನೆನೆಹಾಕಿದ್ದಳು. ಅವಳೂ ತಾಯಿಯ ಜತೆ ಸಭೆಗೆ ಹೊರಟವಳೇ.

"ಇವತ್ತು ಲೋಕ ಮುಗಿಯುತ್ತಲ್ಲ, ಬಟ್ಟೆ ಯಾಕೆ ನೆನೆಹಾಕ್ದೆ?"

"ಸ್ವಾಮಿ ಬಂದ್ರೆ ಬಕೆಟ್ಟಲ್ಲೇ ಇರ್ಲಿ. ಬರ್ದಿದ್ರೆ ನಾಳೆ ನೀವೇನು ಹಾಕ್ಕೊಂಡು ಓಡಾಡ್ತೀರಿ?"

ಅತ್ತೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು, ತಲೆ ಬಾಚಿ, ಕೆಲಸದ ಕೋಣೆಯ ಬಾಗಿಲಿಗೆ ಬಂದು ನಿಂತರು. ಹಲ್ಲಪ್ಪ ಕೈಯಲ್ಲಿದ್ದ ಸೆಟ್ಟನ್ನು ಅವಸರದಲ್ಲಿ ಬಟ್ಟೆಯ ಕೆಳಗೆ ತಳ್ಳಿದ.

"ಹೋಗಿ ಬರ್ತೀನಿ ಅನ್ಬೇಕೋ, ಬರೀ ಹೋಗ್ತೀನಿ ಅನ್ಬೇಕೋ ಗೊತ್ತಾಗ್ತಿಲ್ಲ ಅಳಿಯಂದ್ರೇ."

"ಹೋಗಿ ಬನ್ನಿ ಅತ್ತೆ."

"ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ಬೇಕಲ್ಲ ಅನ್ನೋದೇ ಒಂದು ಸಂಕಟ. ನಿಮ್ಮ ವಿಷ್ಯ ಸ್ವಾಮಿಗೆ ಹೇಳಿಟ್ಟಿದ್ದೀನಿ. ಬಾಯಿ ಸುಮಾರು, ಆದ್ರೆ ಕೈ ಒಳ್ಳೇದು ಅಂತ."

ಹಲ್ಲಪ್ಪನಿಗೆ ಏನಾದರೂ ಚುಚ್ಚಿ ಹೇಳಬೇಕೆನ್ನಿಸಿತು. ಆದರೆ ಎದ್ದು ಬಂದು ಅವರ ಚಪ್ಪಲಿಯನ್ನು ಕಾಲ ಮುಂದೆ ಸರಿಯಾಗಿ ಇಟ್ಟುಕೊಟ್ಟ. ಅವರು ಹೋದ ಮೇಲೆ ಮಧ್ಯಾಹ್ನದವರೆಗೂ ಸೆಟ್ಟಿಗೆ ಪಾಲಿಶ್ ಹಾಕಿದ, ಹಾಕಿದ್ದಕ್ಕೇ ಮತ್ತೆ ಹಾಕಿದ.

ಹೊತ್ತು ಇಳಿದರೂ ಇಬ್ಬರೂ ಬರಲಿಲ್ಲವೆಂದು ಅವನೇ ಕರೆತರಲು ಹೋದ. ಸಭೆಯ ಬಾಗಿಲು ತೆರೆದಿತ್ತು. ಜನ ಒಬ್ಬೊಬ್ಬರೇ ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ, ಚಪ್ಪಲಿ ಹುಡುಕಿಕೊಂಡು ಹೊರಡುತ್ತಿದ್ದರು. ತುತ್ತೂರಿ ಪಾಸ್ಟರು ಮೆಟ್ಟಿಲ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಅವರ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ಈ ಗಳಿಗೆಗಾಗಿ ಹಲ್ಲಪ್ಪ ಎಷ್ಟು ಮಾತು ಕೂಡಿಟ್ಟುಕೊಂಡಿದ್ದ! ಒಂದೂ ನೆನಪಾಗಲಿಲ್ಲ. ಅತ್ತೆ ಮಾತ್ರ ನಿಧಾನವಾಗಿ ಇಳಿದು ಬಂದು ಪಾಸ್ಟರ ಹೆಗಲ ಮೇಲೆ ಕೈಯಿಟ್ಟು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಮನೆಗೆ ಹೋಗಿ ಊಟ ಮಾಡಿ," ಎಂದರು. ಪಾಸ್ಟರು ತಲೆಯೆತ್ತದೆ, "ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲಮ್ಮ," ಎಂದರು. ಹಲ್ಲಪ್ಪ ಅತ್ತೆಯ ತೋಳು ಹಿಡಿದು ಮನೆಗೆ ಕರೆತಂದ. ಇನ್ನೊಂದು ತೋಳನ್ನು ಹೆಂಡತಿ ಹಿಡಿದಿದ್ದಳು.

ಸೋಮವಾರ ಬೆಳಿಗ್ಗೆ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಅಡುಗೆಮನೆಯ ಮೇಜಿನ ಮುಂದೆ, ಎಂದೂ ಕೂರದ ಕಡೆಯ ಕುರ್ಚಿಯಲ್ಲಿ, ಕಿಟಕಿಯ ಕಡೆಗೆ ಮುಖಮಾಡಿ ಕೂತಿದ್ದರು. ಅದನ್ನು ಕಂಡದ್ದೇ ಹಲ್ಲಪ್ಪನಿಗೆ ಸೋದರತ್ತೆಯ ಕಿಟಕಿ ನೆನಪಾಯಿತು. ಮುಂದೆ ಹೋಗಿ ತಟ್ಟೆಯೊಂದರಲ್ಲಿ ಸೆಟ್ಟನ್ನೂ ಪಕ್ಕದಲ್ಲಿ ಒಂದು ಸೇಬನ್ನೂ ಇಟ್ಟ.

ಅತ್ತೆ ತಿರುಗಿ ನೋಡಿದರು. ಸೆಟ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ವಾರೆ ಹಲ್ಲಿನ ಮೇಲೆ ಬೆರಳಾಡಿಸಿದರು. "ನಂದೇ," ಎಂದರು. ಕಣ್ಣು ತುಂಬಿಕೊಂಡವು. "ಯಾವಾಗ ಮಾಡಿದ್ರಿ?"

"ಮಾಡ್ದೆ ಯಾವಾಗ್ಲೋ. ಹಾಕ್ಕೊಳ್ಳಿ ಅತ್ತೆ, ಒಂದ್ಸಲ ಹಾಕ್ಕೊಳ್ಳಿ."

ವರ್ಷದಿಂದ ಮುಚ್ಚಿದ್ದ ಬಾಯಿ ತೆರೆಯಿತು. ಅತ್ತೆ ಮೇಲಿನದನ್ನು ಇಟ್ಟುಕೊಂಡರು, ಅದು ಕೆಳಗಿಳಿಯಿತು. ಕೆಳಗಿನದನ್ನು ಇಟ್ಟುಕೊಂಡರು, ಅದು ದೋಣಿಯಂತೆ ಆ ಕಡೆ ಈ ಕಡೆ ಆಡಿತು. ಏನೋ ಹೇಳಹೋದಾಗ ಎರಡೂ ಹೊರಗೆ ಬಂದು ತಟ್ಟೆಗೆ ಬಿದ್ದವು.

"ತಡೀರಿ, ಎಲ್ಲೋ ಉಜ್ಜಬೇಕು ಅನ್ಸುತ್ತೆ," ಎಂದು ಹಲ್ಲಪ್ಪ ಕೈ ತೊಳೆದು ಬಂದು, ಅವರ ಬಾಯೊಳಗೆ ಬೆರಳಿಟ್ಟು ಒಸಡು ಮುಟ್ಟಿ ನೋಡಿದ. ಮುಟ್ಟಿದ ಬೆರಳು ಹಾಗೇ ನಿಂತಿತು. ಅಚ್ಚಿನಲ್ಲಿ ದಿಂಡಿನಂತೆ ಎದ್ದಿದ್ದ ಒಸಡು ಇಲ್ಲಿ ಸವೆದ ಸೋಪಿನ ಹಾಗೆ ಚಪ್ಪಟೆಯಾಗಿತ್ತು. ಹಲ್ಲು ಹೋದ ಮೇಲೆ ಒಸಡು ಕುಗ್ಗುತ್ತಾ ಹೋಗುತ್ತದೆ, ಎರಡು-ಮೂರು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಅಳತೆ ನೋಡಿಸಬೇಕು ಎಂದು ಊರಿಗೆಲ್ಲ ಹೇಳುವವನು ಅವನೇ. ತನ್ನ ಮನೆಯ ಬಾಯಿಗೆ ಬಂದಾಗ ಮಾತ್ರ ಎಂಟು ವರ್ಷದ ಹಿಂದಿನ ಅಚ್ಚನ್ನು ಕಣ್ಣುಮುಚ್ಚಿ ನಂಬಿದ್ದ. ಅತ್ತೆ ಎಂದರೆ ಸೇಬು ಕಚ್ಚಿದ ಆ ಅತ್ತೆಯೇ, ಅವರು ಹಾಗೇ ಇರುತ್ತಾರೆ, ಲೋಕ ಹೀಗೇ ನಡೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದ. ಸ್ವಾಮಿ ಬರಲಿಲ್ಲ ಎಂದು ನಿನ್ನೆ ಒಳಗೊಳಗೇ ಗೆದ್ದವನಿಗೆ, ಅತ್ತೆ ಹೊರಡುವ ದಿನ ಎಷ್ಟು ಹತ್ತಿರ ಬಂದಿದೆ ಎಂದು ಬೆರಳು ಹೇಳಿಬಿಟ್ಟಿತು.

ಅವನು ಎದುರಿನ ಕುರ್ಚಿ ಎಳೆದುಕೊಂಡು ಕೂತ. "ಹಳೇ ಅಚ್ಚಿನ ಮೇಲೆ ಮಾಡ್ಬಿಟ್ಟೆ ಅತ್ತೆ. ತಪ್ಪಾಗೋಯ್ತು."

ಅತ್ತೆ ತಟ್ಟೆಯಲ್ಲಿ ಬಿದ್ದ ಸೆಟ್ಟನ್ನೂ ಅವನ ಮುಖವನ್ನೂ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಬೊಚ್ಚು ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಪಾಸ್ಟರದೂ ಹಳೇ ಲೆಕ್ಕ, ನಿಮ್ಮದೂ ಹಳೇ ಲೆಕ್ಕ. ಅವ್ರನ್ನ ಅಷ್ಟು ಆಡ್ಕೊಂಡ್ರಲ್ಲ, ಈಗ ಇಬ್ರೂ ಒಂದೇ ಮೆಟ್ಲ ಮೇಲೆ ಕೂತ್ಕೊಳ್ಳಿ!"

ಹಲ್ಲಪ್ಪ ನಗಲಿಲ್ಲ. ಸೆಟ್ಟನ್ನು ತಟ್ಟೆಯಿಂದ ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡ. ಅತ್ತೆ ನಗು ನಿಲ್ಲಿಸಿದರು.

"ಯಾಕೆ, ಹೆದರಿದ್ರಾ?"

"ಹೂಂ."

"ನನ್ಗೆ ಹೆದ್ರಿಕೆ ಇಲ್ಲ. ನಿನ್ನೆ ಬೇಜಾರಾಯ್ತು, ಅದು ನಿಜ. ಮದ್ವೆ ಮುಂದಕ್ಕೆ ಹೋದ ಹಾಗೆ. ಹೋದ್ರೇನು, ಅವ್ನು ಬರ್ತೀನಿ ಅಂದಿರೋದು ಅವ್ನ ಮಾತು, ಭಾನುವಾರ ಅಂದಿದ್ದು ನಮ್ಮ ಮಾತು. ಅವ್ನು ಬರ್ಲಿ, ಇಲ್ಲ ನಾನೇ ಹೋಗ್ಲಿ, ಎರಡೂ ಒಂದೇ. ಅಳಿಯ ಅಲ್ಲ, ಮಗಳ ಗಂಡ."

"ಹಾಗೆಲ್ಲ ಅನ್ಬೇಡಿ. ನೀವು ಹೋಗೋದು ನನ್ಗೆ ಬೇಡ." ಅಷ್ಟು ನೇರವಾಗಿ ಅವನು ಹೆಂಡತಿಗೂ ಏನನ್ನೂ ಹೇಳಿದವನಲ್ಲ. "ಅಳತೆ ತೆಗೆಯೋಕೆ ಬಿಡಿ ಅತ್ತೆ. ನಂಗೋಸ್ಕರ."

ಅತ್ತೆ ಸೇಬನ್ನು ಕೈಗೆತ್ತಿಕೊಂಡು ತಿರುಗಿಸಿದರು. ಹೊರಗೆ ಬಟ್ಟೆ ಜಾಡಿಸುವ ಸದ್ದು ಕೇಳುತ್ತಿತ್ತು.

"ನಿಮ್ಗೋಸ್ಕರ ಆದ್ರೆ ಆಗ್ಲಿ," ಎಂದರು. "ಒಂದು ಕರಾರು. ಹಿಟ್ಟು ಗಟ್ಟಿಯಾಗೋ ಮೊದ್ಲೇ ತುತ್ತೂರಿ ಕೇಳಿಸ್ತು ಅಂದ್ರೆ, ಅಳತೆ ಕೆಟ್ರೂ ಸರಿ, ತಕ್ಷಣ ಎಳೆದ್ಬಿಡ್ಬೇಕು. ನಾನು ಬಂದೆ ಸ್ವಾಮಿ ಅಂತ ಬಾಯ್ಬಿಟ್ಟು ಹೇಳ್ಬೇಕು."

"ಎಳೀತೀನಿ."

"ಮಾತು ಕೊಡಿ."

"ಕೊಟ್ಟೆ."

ಕೆಲಸದ ಕೋಣೆಯಲ್ಲಿ ಅವರನ್ನು ಬೆಳಕಿಗೆ ಎದುರಾಗಿ ಕೂರಿಸಿ, ಕೊರಳಿಗೆ ಟವೆಲ್ಲು ಸುತ್ತಿದ. ರಬ್ಬರಿನ ಬಟ್ಟಲಲ್ಲಿ ಗುಲಾಬಿ ಬಣ್ಣದ ಹಿಟ್ಟು ಕಲಸಿ, ಟ್ರೇಗೆ ತುಂಬಿ, ಅವರ ಬಾಯೊಳಗೆ ಕೂರಿಸಿ, ಎರಡು ಬೆರಳಲ್ಲಿ ಒತ್ತಿ ಹಿಡಿದ. ಗಟ್ಟಿಯಾಗುವವರೆಗೆ ಬೆರಳು ಕದಲಬಾರದು. ಅತ್ತೆ ಮೂಗಿನಲ್ಲಿ ಉಸಿರಾಡುತ್ತಾ ಕೂತರು. ಗೋಡೆಯ ಮೇಲಿನ ಬಿಳಿ ದವಡೆಗಳೂ ಸುಮ್ಮನಿದ್ದವು. ಆ ಮೌನದಲ್ಲಿ ಹಲ್ಲಪ್ಪನಿಗೆ ತಾನು ಕಿವಿಗೊಟ್ಟು ಕೇಳುತ್ತಿದ್ದೇನೆ ಎಂಬುದು ಅರಿವಿಗೆ ಬಂತು.

ಬೀದಿಯ ತಿರುವಿನಲ್ಲಿ ಯಾವುದೋ ಲಾರಿ ಉದ್ದಕ್ಕೆ ಹಾರನ್ನು ಬಾರಿಸಿತು. ಹಲ್ಲಪ್ಪನ ಕೈ ಬೆಚ್ಚಿ ಟ್ರೇಯನ್ನು ಎಳೆಯಹೋಯಿತು.

ಅತ್ತೆಯ ಕಣ್ಣುಗಳು ನಗುತ್ತಿದ್ದವು. ಅವರು ತಮ್ಮ ಬಡಕಲು ಕೈಯೆತ್ತಿ ಅಳಿಯನ ಮಣಿಕಟ್ಟನ್ನು ಹಿಡಿದು, ಇನ್ನೂ ಇಲ್ಲ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು. ಹಿಟ್ಟು ಗಟ್ಟಿಯಾಗುವವರೆಗೂ ಆ ಹಿಡಿತ ಬಿಡಲಿಲ್ಲ.